ಬೆಟ್ಟಿನಿಂದ ಬೈಲಿಗೆ

ಬೆಳೆ ಸಮೀಕ್ಷೆಯ ಆ್ಯಪ್‌ಗೆ ಗದ್ದೆಯ ಫೋಟೋ ಹಾಕಬೇಕಿತ್ತು. ಆಯಾ ಸರ್ವೆ ನಂಬರಿನ ಜಾಗದಲ್ಲೇ ನಿಂತು ತೆಗೆಯಬೇಕು. ಉಡುಪಿ ಜಿಲ್ಲೆಯ ಬ್ರಹ್ಮಾವರದ ಹತ್ತಿರ ನಮ್ಮ ದೊಡ್ಡಪ್ಪನ ಗದ್ದೆಗಳು ಅಲ್ಲೊಂದು ಇಲ್ಲೊಂದು ಇವೆ. ಜುಲೈ ತಿಂಗಳು, ಮಳೆ ಸ್ವಲ್ಪ ಬಿಟ್ಟಿತ್ತು. ನಾನು ಫೋನ್ ಹಿಡಿದೆ, ಅವರು ಹಾರೆ ಹೆಗಲಿಗಿಟ್ಟರು, ಹೊರಟೆವು.

ಅವರ ಪಹಣಿಯಲ್ಲಿ ಈ ಗದ್ದೆಗಳೆಲ್ಲ ತರಿ, ಅಂದರೆ ನೀರಿನ ಜಮೀನು. ಒಣ ಜಮೀನಾದರೆ ಖುಷ್ಕಿ, ತೋಟವಾದರೆ ಬಾಗಾಯ್ತು. ಕಂದಾಯದ ಲೆಕ್ಕಕ್ಕೆ ಅಷ್ಟು ಸಾಕು. ಬೇಸಾಯ ಮಾಡುವವರಿಗೆ ಸಾಲದು. ಅವರು ಗದ್ದೆ ಎಷ್ಟು ಎತ್ತರದಲ್ಲಿದೆ ಅಂತ ನೋಡಿ ಬೆಟ್ಟು, ಮಜಲು, ಬೈಲು ಅಂತ ಗುರುತಿಸುತ್ತಾರೆ.

ಮೊದಲು ಸಿಕ್ಕಿದ್ದು ಮನೆ ಹಿಂದಿನ ಎತ್ತರದ ಬೆಟ್ಟು ಗದ್ದೆ. ದೊಡ್ಡಪ್ಪ ಅಂಚಿನ ಮೇಲೆ ಕುಕ್ಕರಗಾಲಲ್ಲಿ ಕೂತು ಏಡಿ ಕೊರೆದ ತೂತು ತೋರಿಸಿದರು. ನೀರು ಸಣ್ಣಗೆ ಗುಳುಗುಳು ಅಂತ ಅದರಲ್ಲಿ ಇಳಿಯುತ್ತಿತ್ತು. ಒಂದು ಹಿಡಿ ಕೆಸರು ತುರುಕಿ, ಹಿಮ್ಮಡಿಯಿಂದ ಒತ್ತಿ ಗಟ್ಟಿ ಮಾಡಿದರು. "ಇಲ್ಲಿ ನೀರು ನಿಲ್ಸೋದೇ ಕೆಲ್ಸ ಮಗಾ. ನಾಲ್ಕು ದಿನ ಮಳೆ ಕೈಕೊಟ್ರೆ ಗದ್ದೆ ಬಿರುಕು ಬಿಡ್ತದೆ." ಬೆಟ್ಟಿಗೆ ಮಳೆಗಾಲದ ಒಂದೇ ಬೆಳೆ.

ಅದರ ಕೆಳಗೆ ಮಜಲು. ಇಲ್ಲಿ ಎರಡನೇ ಬೆಳೆಗೂ ನೀರು ಸಿಗುತ್ತದೆ, ಇಲ್ಲದಿದ್ದರೆ ಉಳಿದ ಪಸೆಯಲ್ಲೇ ಉದ್ದು ಬಿತ್ತುತ್ತಾರೆ.

ಇನ್ನೂ ಇಳಿದರೆ ಬೈಲು. ಕಾಲಿಟ್ಟ ಕೂಡಲೇ ಮೊಣಕಾಲವರೆಗೆ ಹೂತುಹೋಯಿತು. ಕೆಸರು ತಣ್ಣಗೆ, ಬೆಣ್ಣೆಯಷ್ಟು ನುಣ್ಣಗೆ. ಮಳೆಗಾಲದ ಕಾರ್ತಿ, ಚಳಿಗಾಲದ ಸುಗ್ಗಿ, ಬೇಸಿಗೆಯ ಕೊಳಕೆ ಅಂತ ಮೂರು ಬೆಳೆ ತೆಗೆಯುತ್ತಿದ್ದ ಜಾಗ ಇದು. ಇಲ್ಲಿ ನೀರು ಹೊರಗೆ ಹೋಗುವುದೇ ಕಷ್ಟ. ಅದಕ್ಕೇ ನೆರೆ ನಿಂತರೂ ತಾಳುವ ತಳಿ ಬೇಕು. ಬ್ರಹ್ಮಾವರದ ಸಂಶೋಧನಾ ಕೇಂದ್ರದಿಂದ ಬಂದ ಸಹ್ಯಾದ್ರಿ ಪಂಚಮುಖಿ ಅಂಥದ್ದು. ಬೆಟ್ಟೋ ಬೈಲೋ ಅಂತ ಗೊತ್ತಾದರೆ ಯಾವ ಬೀಜ, ಎಷ್ಟು ಬೆಳೆ, ಎಲ್ಲ ಅರ್ಧ ತೀರ್ಮಾನ ಆದ ಹಾಗೆ.

ಗದ್ದೆ ಇಲ್ಲದವರಿಗೂ ಈ ಬೆಟ್ಟು-ಬೈಲಿನ ತಿಳಿವಳಿಕೆ ಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಉಡುಪಿ ಪೇಟೆಯೊಳಗೇ ಕುಂಜಿಬೆಟ್ಟು ಇದೆ, ಬೈಲೂರು ಇದೆ. ಬೈಲಿಗೆ ಮಣ್ಣು ತುಂಬಿಸಿ ಮನೆ ಕಟ್ಟಿದರೂ ನೀರಿಗೆ ಹಳೇ ದಾರಿ ಮರೆಯುವುದಿಲ್ಲ. 2020ರ ಸೆಪ್ಟೆಂಬರ್ ನೆರೆಯಲ್ಲಿ ಉಡುಪಿಯ ತಗ್ಗಿನ ಮನೆಗಳಿಗೆ ರಾತ್ರೋರಾತ್ರಿ ನೀರು ನುಗ್ಗಿತ್ತಲ್ವಾ? ಸೈಟು ಕೊಳ್ಳುವವರು ದಾಖಲೆ ನೋಡುವುದರ ಜೊತೆಗೆ ಅಕ್ಕಪಕ್ಕದ ಹಿರಿಯರನ್ನೂ ಒಂದು ಮಾತು ಕೇಳಬೇಕು, ಇದು ಮೊದಲು ಯಾವ ಗದ್ದೆ ಆಗಿತ್ತು ಅಂತ.

ಆ್ಯಪ್‌ಗೆ ಬೆಳೆ ಭತ್ತ ಅಂತ ಹಾಕಿ ಮುಗಿಸಿದೆವು. ಮನೆಗೆ ಬಂದು ಪಹಣಿ ಪ್ರತಿಗಳ ಪಕ್ಕದಲ್ಲಿ ಪೆನ್ಸಿಲಿನಿಂದ ಬೆಟ್ಟು, ಮಜಲು, ಬೈಲು ಅಂತ ಬರೆದಿಟ್ಟೆ. ಒಂದು ಗದ್ದೆ ಮಾತ್ರ ಬಾಕಿ. ದೊಡ್ಡಪ್ಪ ಅದನ್ನು ಮಜಲು ಅನ್ನುತ್ತಾರೆ. ಪಕ್ಕದ ಮನೆಯವರು, ರಸ್ತೆ ಎತ್ತರಿಸಿದ ಮೇಲೆ ಅಲ್ಲಿ ನೀರು ಇಳಿಯುವುದೇ ಇಲ್ಲ, ಅದೀಗ ಬೈಲೇ ಅನ್ನುತ್ತಾರೆ.