ಓವನ್ ಮೀಟರ್ 200 ತೋರಿಸಿದರೆ ಕಬ್ಬಿಣ 200 ಆಗಿರುವುದಿಲ್ಲ

ಕಲಬುರಗಿಯ ಶೆಡ್‌ಗಳಲ್ಲಿ ಪೌಡರ್ ಕೋಟಿಂಗ್ (ಲೋಹಕ್ಕೆ ಬಣ್ಣದ ಪುಡಿ ಹೊಡೆದು ಓವನ್‌ನಲ್ಲಿ ಬೇಯಿಸುವುದು) ಮಾಡಿದ ಮಾಲು ವಾಪಸ್ ಬಂದರೆ ಮೊದಲ ಬೈಗುಳ ಪೌಡರ್‌ಗೆ. ಬಹಳ ಸಲ ತಪ್ಪು ಓವನ್ ಮೀಟರ್ ನಂಬಿದವರದು.

ಮೀಟರ್ ಹೇಳುವುದು ಗಾಳಿಯ ಕಾವು. ಪೌಡರ್ ಡಬ್ಬದ ಮೇಲೆ ‘200 ಡಿಗ್ರಿ, 10 ನಿಮಿಷ’ ಎಂದಿದ್ದರೆ, ಲೋಹ 200 ಮುಟ್ಟಿದ ಮೇಲಿನ 10 ನಿಮಿಷ ಅದು. 0.8 ಮಿ.ಮೀ. ಅಲ್ಮೆರಾ ಶೀಟ್ ಬೇಗ ಕಾಯುತ್ತದೆ. ಪಕ್ಕದ ಕೊಕ್ಕೆಯಲ್ಲಿ ತೂಗುವ 6 ಮಿ.ಮೀ. ಪ್ಲೇಟ್ ಆಗಿನ್ನೂ ಹಿಂದೆಯೇ ಇರುತ್ತದೆ. ಎರಡನ್ನೂ ಒಂದೇ ಟ್ರಾಲಿಯಲ್ಲಿ ನೂಕಬೇಡಿ.

ಮೋಸ ಹೋಗುವುದು ಹೊಳಪು ನೋಡಿ. ಪುಡಿ 200ಕ್ಕೆ ಬಹಳ ಮೊದಲೇ ಕರಗಿ, ಹರಿದು, ಮಿನುಗತೊಡಗುತ್ತದೆ. ಆದರೆ ಪುಡಿಯಲ್ಲಿನ ಪಾಲಿಯೆಸ್ಟರ್ ಸರಪಳಿಗಳ ತುದಿಯ ಆಮ್ಲ ಗುಂಪುಗಳನ್ನು ಹಾರ್ಡ್ನರ್ (ಬಣ್ಣವನ್ನು ಗಟ್ಟಿ ಮಾಡುವ ರಾಸಾಯನಿಕ) ಹಿಡಿದು ಒಂದಕ್ಕೊಂದು ಗಂಟು ಹಾಕುವುದು ಆಮೇಲಿನ ಕೆಲಸ. ಬಲೆ ಹೆಣೆಯುವ ಮುಂಚೆ ಹೊರತೆಗೆದ ಬಣ್ಣ ಚೆಂದ ಕಾಣುತ್ತದೆ, ಶೀಟ್ ಬಗ್ಗಿಸಿದರೆ ಸೀಳುತ್ತದೆ.

ಪರೀಕ್ಷೆ ಸುಲಭ. ಮಾಲು ಪೂರ್ತಿ ತಣ್ಣಗಾಗಲಿ. ಎಂಇಕೆ ದ್ರಾವಕದಲ್ಲಿ ಹತ್ತಿ ಅದ್ದಿ, ಒಂದೇ ಜಾಗದಲ್ಲಿ 30 ಸಲ ಹಿಂದೆಮುಂದೆ ಉಜ್ಜಿ (ಓವನ್‌ನಿಂದ ದೂರ, ಎಂಇಕೆ ಥಟ್ಟನೆ ಹೊತ್ತುತ್ತದೆ). ಹೊಳಪು ತುಸು ಮಾಸಿದರೆ ಚಿಂತೆಯಿಲ್ಲ. ಹತ್ತಿಗೆ ಬಣ್ಣ ದಟ್ಟವಾಗಿ ಹತ್ತಿ, ಉಗುರು ಊರಿದರೆ ಬೆಂದಿಲ್ಲ. ಅದನ್ನು ಮತ್ತೆ ಓವನ್‌ಗೆ ಹಾಕಿ ಉಳಿಸಬಹುದು. ಹೆಚ್ಚು ಬೆಂದು ಹಳದಿಗೆ ತಿರುಗಿದ ಬಿಳಿಯನ್ನು ಉಳಿಸಲಾಗದು.

ಥರ್ಮೋಕಪಲ್ (ಕಾವು ಅಳೆಯುವ ತಂತಿ) ತುದಿಯನ್ನು ಮಾಲಿನ ಅತಿ ದಪ್ಪ ಭಾಗಕ್ಕೆ ಕ್ಲಾಂಪ್ ಮಾಡಿ, ಬಾಗಿಲ ಕಡೆಯ ಕೆಳಕೊಕ್ಕೆಯಲ್ಲಿ ತೂಗಿ. ಲೋಹ 200 ಮುಟ್ಟಲು ಎಷ್ಟು ನಿಮಿಷ ಬೇಕಾಯಿತೆಂದು ಪ್ರತಿ ದಪ್ಪಕ್ಕೂ ಓವನ್ ಪಕ್ಕದ ಗೋಡೆಯ ಮೇಲೆ ಬರೆದಿಡಿ. ನಡುವೆ ಕರೆಂಟ್ ಹೋದರೆ ಹಳೆಯ ಲೆಕ್ಕ ಬಿಡಿ. ಲೋಹ ಮತ್ತೆ 200 ಮುಟ್ಟಿದ ಮೇಲೆ ಗಡಿಯಾರ ನೋಡಿ.

ಪದರ 60ರಿಂದ 80 ಮೈಕ್ರಾನ್ ಸಾಕು. ಟಿಜಿಐಸಿ ಎಂಬ ಹಾರ್ಡ್ನರ್ ಬದಲು ಎಚ್‌ಎಎ ಎಂಬ ಹಾರ್ಡ್ನರ್ ಇರುವ ಪೌಡರ್ ಆದರಂತೂ ಕೈ ಬಿಗಿ ಹಿಡಿಯಿರಿ: ಗಂಟು ಬೀಳುವಾಗ ಅದು ನೀರಾವಿ ಬಿಡುತ್ತದೆ, ದಪ್ಪ ಪದರದಲ್ಲಿ ಆವಿ ಸಿಕ್ಕಿ ಸೂಜಿ ತೂತು ಬೀಳುತ್ತವೆ.

ಇನ್ನು ನಮ್ಮ ಬಿಸಿಲು. ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ, ತಗಡಿನ ಶೆಡ್‌ನೊಳಗೆ ಕೇಳಲೇಬೇಡಿ. ಪೌಡರ್ ಡಬ್ಬ 30ರ ಕೆಳಗಿನ ಕೋಣೆಯಲ್ಲಿರಲಿ. ಉಂಡೆಗಟ್ಟಿದ್ದನ್ನು ಜರಡಿ ಹಿಡಿದು ಹೊಡೆಯುವವರಿದ್ದಾರೆ. ಕಾವಿಗೆ ಒಳಗೊಳಗೇ ಗಂಟು ಬೀಳತೊಡಗಿದ್ದರೆ ಅದು ಸರಿಯಾಗಿ ಹರಿಯುವುದಿಲ್ಲ, ಮೇಲ್ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಮೊದಲು ಅಂಗೈಯಗಲ ತಗಡಿಗೆ ಹೊಡೆದು, ಬೇಯಿಸಿ ನೋಡಿ.