ರೊಟ್ಟಿ ತಿನ್ನೋ ಮಂದಿಗೆ ಇದೇನ್ ಮಹಾ ಅಂದ್ಕೊಂಡಿದ್ವಿ

ನಮ್ಮ ದೊಡ್ಡಾಕಿಗೆ ಆಗ ಆರು ವರ್ಷ, ಸಣ್ಣಾಂವಗ ಮೂರು. ದೊಡ್ಡಾಕಿ ಕ್ಲಾಸಿನಾಗ ಎಲ್ಲಾರಕಿಂತ ಗಿಡ್ಡ, ಕೈಕಾಲು ಕಡ್ಡಿ, ಹೊಟ್ಟಿ ಮಾತ್ರ ಮುಂದ. ಜಂತಿನ ಔಷಧ ಆತು, ಕಬ್ಬಿಣದ ಟಾನಿಕ್ ಮೂರು ಬಾಟ್ಲಿ ಆತು, ಹಿಮೋಗ್ಲೋಬಿನ್ ಎಂಟರ ಮ್ಯಾಲೆ ಏರಲೇ ಇಲ್ಲ. ಊಟ ಸರಿ ಮಾಡೂದಿಲ್ಲ ಅದಕ್ಕ ಹಿಂಗ ಅಂತ ಬಂದವ್ರೆಲ್ಲಾ ನನಗ ಅಂದು ಹೋಗೋರು, ನಾನು ಆ ಸಿಟ್ಟು ಕೂಸಿನ ಮ್ಯಾಲೆ ತಗದು ಬೈದು ಬೈದು ಇನ್ನೊಂದು ಚಪಾತಿ ತಿನ್ನಸ್ತಿದ್ದೆ. ಅದನ್ನ ನೆನಸಿದ್ರ ಈಗೂ ಕರುಳು ಚುರ್ ಅಂತೈತಿ.

ಕಡೀಕ ಒಬ್ಬ ಮಕ್ಕಳ ಡಾಕ್ಟ್ರು ಟಿಟಿಜಿ ಅಂತ ರಕ್ತದ ಪರೀಕ್ಷಾ ಬರದ್ರು. ಅದು ಭಾಳ ಹೆಚ್ಚ ಬಂತು, ಆಮ್ಯಾಲೆ ಎಂಡೋಸ್ಕೋಪಿ ಮಾಡಿ ಸಣ್ಣಕರುಳಿನಿಂದ ಚೂರು ತಗದು ಬಯಾಪ್ಸಿಗೆ ಕಳಸಿದ್ರು, ಸೀಲಿಯಾಕ್ ಅನ್ನೋ ರೋಗ ಅಂತ ಬಂತು. ಗೋಧಿ, ಬಾರ್ಲಿ, ಗೋಧಿ ಹಂಗಿರೋ ರೈ, ಈ ಮೂರು ಕಾಳಿನಾಗ ಇರೋ ಗ್ಲುಟೆನ್ ಅನ್ನೋ ಪ್ರೋಟೀನ್ ಹೊಟ್ಟಿಗೆ ಹೋದ್ರ ಈಕಿ ಮೈಯಾಗಿನ ರೋಗನಿರೋಧಕ ಶಕ್ತಿನ ತಿರುಗಿ ನಿಂತು ತನ್ನ ಕರುಳಿಗೇ ಬಡೀತೈತಿ. ಕರುಳಿನ ಒಳಗ ಟರ್ಕಿ ಟವೆಲ್ಲಿನ ಎಳೆ ಇದ್ದಂಗ ಸಣ್ಣ ಸಣ್ಣ ಎಳೆ ಇರ್ತಾವಂತ, ಉಂಡಿದ್ದನ್ನ ಹೀರ್ಕೊಳ್ಳೋದು ಅವು, ಈಕಿವು ಸವದು ಸಪಾಟಾಗಿದ್ವು. ಕಬ್ಬಿಣ ಹೀರೋದೂ ಸಣ್ಣಕರುಳಿನ ಮೊದಲನೇ ಭಾಗದಾಗ, ಕೆಟ್ಟಿದ್ದೂ ಅದೇ ಭಾಗ. ಟಾನಿಕ್ ಯಾಕ ಹತ್ತಲಿಲ್ಲ ಅನ್ನೋದು ಅವತ್ತು ತಿಳೀತು. ಇದಕ್ಕ ಗುಳಿಗಿ ಇಲ್ಲ, ಗೋಧಿ ಬಿಡೋದೇ ಔಷಧ, ಅದೂ ಜೀವನಪೂರ್ತಿ.

ಇಲ್ಲೊಂದು ಮಾತು ಹೇಳೇ ಮುಂದ ಹೋಗ್ತೀನಿ. ಪರೀಕ್ಷಾ ಆಗೋಕಿಂತ ಮೊದಲ ಗೋಧಿ ಬಿಡಬಾರದು. ರಿಪೋರ್ಟ್ ಬರಾಕ ಮುಂಚೆನ ನಮ್ಮ ಬಳಗದಾಗ ಒಬ್ರು ಗೋಧಿ ಬಿಡಿಸಿ ನೋಡು ಅಂದಿದ್ರು, ನಾನೂ ಬಿಡಸಾಕ ಹೊಂಟಿದ್ದೆ. ಬಿಟ್ರ ರಕ್ತದಾಗಿನ ಆ ಟಿಟಿಜಿ ಅಂಶ ಇಳಕೊಂತ ಹೋಗ್ತೈತಿ, ಕರುಳೂ ಸುಧಾರಸಾಕ ಶುರು ಆಗ್ತೈತಿ, ಪರೀಕ್ಷಾದಾಗ ಏನೂ ಇಲ್ಲ ಅಂತ ಬಂದು ಕೂತ್ರ ಮುಂದ ಯಾರ್ನ ಕೇಳೋದು? ಡಾಕ್ಟ್ರು ಎಂಡೋಸ್ಕೋಪಿ ದಿನದ ತನಕ ಚಪಾತಿ ತಿನ್ನಸ್ರಿ ಅಂದ್ರು. ವಿಷ ಅಂತ ಗೊತ್ತಾದ ಮ್ಯಾಲೂ ಹದಿನೈದು ದಿನ ಕೈಯಾರ ತಿನ್ನಿಸಿದ್ದು, ಅದೊಂದು ಬ್ಯಾರೇನ ಕಥಿ.

ಮನಿಗೆ ಬಂದು ನಮ್ಮ ಅತ್ತಿಯವ್ರಿಗೆ ಹೇಳಿದ್ರ ಅವ್ರು ಗಾಬರಿನೂ ಆಗಲಿಲ್ಲ. "ಇಷ್ಟೇನಾ? ನಾವ್ ಸಣ್ಣವ್ರಿದ್ದಾಗ ಚಪಾತಿ ಕಂಡಿದ್ದೇ ಬೀಗರು ಬಂದಾಗ ನೋಡವಾ. ರೊಟ್ಟಿ ತಿಂದು ಬೆಳದೀವಿ, ಈಕೀನೂ ಬೆಳೀತಾಳ" ಅಂದ್ರು. ಅವ್ರದು ನವಲಗುಂದ ಕಡೆ ಹಳ್ಳಿ, 1972ರ ಬರ ಉಂಡವ್ರು. ನನಗೂ ಹೌದಲ್ಲ ಅನಿಸ್ತು. ಪಂಜಾಬಿನಾಗ ಹುಟ್ಟಿದ್ರ ಕಷ್ಟ, ಹುಬ್ಬಳ್ಳ್ಯಾಗ ಏನು, ಜ್ವಾಳ, ಅಕ್ಕಿ, ಸಜ್ಜಿ, ರಾಗಿ, ನವಣಿ ಯಾವುದ್ರಾಗೂ ಗ್ಲುಟೆನ್ ಇಲ್ಲ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಎಣ್ಣಿಗಾಯಿ, ಝುಣಕ, ಪುಂಡಿಪಲ್ಲೆ ಎಲ್ಲಾ ನಡೀತೈತಿ, ಧಾರವಾಡ ಪೇಡೆನೂ ಹಾಲು ಸಕ್ಕರಿನ. ಅರ್ಧ ಗೆದ್ದಂಗ ಆತು ಅಂದ್ಕೊಂಡ್ವಿ.

ಖರೇನ ನೋಡಿದ್ರ ನಮ್ಮ ರೊಟ್ಟಿ ಬಡಿಯೋ ರೀತಿನ ಗ್ಲುಟೆನ್ ಇಲ್ಲದ್ದಕ್ಕ ಹುಟ್ಟಿದ್ದು. ಗೋಧಿ ಹಿಟ್ಟು ನಾದಿದ್ರ ರಬ್ಬರಿನಂಗ ಎಳೀತೈತಲ್ಲ, ಆ ಎಳಿಯೋ ಗುಣನ ಗ್ಲುಟೆನ್ನು. ಜ್ವಾಳದಾಗ ಅದಿಲ್ಲ, ಅದಕ್ಕ ಕುದಿಯೋ ಎಸರು ಹಾಕಿ ಹಿಟ್ಟಿಗೆ ಜಿಗಿ ತರಸ್ತೀವಿ, ಲಟ್ಟಿಸಾಕ ಹೋದ್ರ ಹರೀತೈತಿ ಅಂತ ಕೈಲೆ ಬಡೀತೀವಿ, ಹಿಟ್ಟು ಹಳೇದಾದ್ರ ಜಿಗಿ ಹೋಗಿ ಅಂಚು ಒಡೀತೈತಿ. ಇಪ್ಪತ್ತು ವರ್ಷ ರೊಟ್ಟಿ ಬಡದ ನನಗ ಇದರ ಕಾರಣ ಮಗಳ ರೋಗ ಬಂದು ಹೇಳಿಕೊಡಬೇಕಾತು.

ಮೂರು ತಿಂಗಳು ಕಟ್ಟುನಿಟ್ಟು ಮಾಡಿದ್ವಿ. ಹೊಟ್ಟಿ ನೋವು ಕಮ್ಮಿ ಆತು ಆದ್ರ ಪೂರ್ತಿ ಹೋಗಲಿಲ್ಲ, ಟಿಟಿಜಿನೂ ಇಳೀಬೇಕಾದಷ್ಟು ಇಳೀಲಿಲ್ಲ. ಡಾಕ್ಟ್ರು ಮನ್ಯಾಗ ಯಾರರೆ ಕದ್ದು ಕೊಡಾಕತ್ತಾರೇನ್ರಿ ಅಂತ ಕೇಳಿದ್ರು. ನಾನು ಮೊದಲ ಅತ್ತಿ ಮ್ಯಾಲೆ ಸಂಶಯ ಪಟ್ಟೆ, ಆಮ್ಯಾಲೆ ನಮ್ಮನಿಯವ್ರ ಮ್ಯಾಲೆ, ಒಂದು ವಾರ ಮನ್ಯಾಗ ಪೋಲೀಸಗಿರಿ ಮಾಡಿದೆ. ಆಮ್ಯಾಲೆ ಒಂದಿನ ಜ್ವಾಳದ ಡಬ್ಬಿ ಹೊತ್ಕೊಂಡು ಗಿರಣಿಗೆ ಹೋದಾಗ ನನ್ನ ಮುಂದಿನಾಕಿದು ಐದು ಕೆಜಿ ಗೋಧಿ ಬೀಸಾಕತ್ತಿದ್ರು, ಅದು ಮುಗದ ಕೂಡಲೇ ಅದೇ ಕಲ್ಲಿಗೆ ನಂದು ಸುರುವಿದ್ರು. ನಾನು ಅಲ್ಲೇ ಕಲ್ಲಾಗಿ ನಿಂತೆ. ಕಳ್ಳ ಸಿಕ್ಕಿದ್ದ.

ಗಿರಣಿ ಅಣ್ಣಾರದೇನೂ ತಪ್ಪಿಲ್ಲ. ಕಲ್ಲಿನ ಸಂದ್ಯಾಗ, ಬಾಯಿಗೆ ಕಟ್ಟಿದ ಅರಬ್ಯಾಗ ಹಿಂದಿನವ್ರ ಹಿಟ್ಟು ಉಳದೇ ಉಳೀತೈತಿ, ನಾವು ಹುಟ್ಟಿದಾಗಿಂದ ಮಂದಿ ಹಿಟ್ಟು ನಮಗ, ನಮ್ಮ ಹಿಟ್ಟು ಮಂದಿಗೆ. ಆದ್ರ ಆಹಾರ ಸುರಕ್ಷತೆಯ ನಿಯಮದಾಗ ಗ್ಲುಟೆನ್ ಫ್ರೀ ಅಂತ ಬರೀಬೇಕಂದ್ರ ಒಂದು ಕೆಜಿಗೆ 20 ಮಿಲಿಗ್ರಾಂ ದಾಟಬಾರದು. ಮಿಲಿಗ್ರಾಂ ರೀ. ಒಂದು ಹಿಡಿ ಗೋಧಿ ಹಿಟ್ಟು ಕೂಡಿದ್ರ ಐದು ಕೆಜಿ ಜ್ವಾಳನೂ ಈ ಲೆಕ್ಕದಾಗ ಕೆಟ್ಟಂಗ. ಮುಂಜಾನೆ ಮೊದಲನೇ ಗಿರಾಕಿ ಆಗಿ ಬರ್ತೀನಿ ಅಂದೆ, "ಬರ್ರಿ ಅಕ್ಕಾರ, ಆದ್ರ ರಾತ್ರಿ ಕಡೀಕ ಬೀಸಿದ್ದು ಗೋಧಿನ ಇರ್ತೈತಿ" ಅಂದ್ರು. ಎರಡು ಕೆಜಿ ಅಕ್ಕಿ ಹಾಕಿ ಕಲ್ಲು ತೊಳದಂಗ ಮಾಡಿಸಿ ಆ ಹಿಟ್ಟು ದನಕ್ಕ ಹಾಕಿ ಅದರ ಹಿಂದ ನಮ್ದು ಬೀಸಿಸಿದ್ವಿ, ಆದ್ರೂ ಗಾಳ್ಯಾಗ ಹಾರೋ ಪುಡಿ ಯಾರು ಹಿಡಿಯೋರು.

ಆವಾಗ ಅತ್ತಿ ಊರಿಂದ ಬೀಸೋಕಲ್ಲು ತರಿಸಿದ್ರು. ಟೆಂಪೋದಾಗ ಬಂತು, ಎರಡನೇ ಮಜಲಿಗೆ ಏರಸಾಕ ಇಬ್ರು ಹುಡುಗ್ರು ಬೇಕಾದ್ರು. ಕೆಳಗಿನ ಮನಿಯವ್ರು ದಿನಾ ಏನದು ಗರಗರ ಸಪ್ಪಳ ಅಂತ ಕೇಳೋರು. ಮಕ್ಕಳಿಗೆ ಮಜಾ, ಇಬ್ರೂ ಕೂತು ಗೂಟ ಹಿಡದು ತಿರಗಸೋರು, ಅತ್ತಿ ತಮ್ಮ ಅವ್ವನ ಹಾಡು ಹೇಳೋರು, ನೋಡಾಕ ಚಂದ ಇತ್ತು ಆದ್ರ ಇಡೀ ಮನಿಗೆ ದಿನಾ ರೊಟ್ಟಿ ಹಿಟ್ಟು ಬೀಸೋದು ಹಾಡಿನಾಗ ಇದ್ದಷ್ಟು ಸಲೀಸಲ್ಲ, ಎರಡು ತಿಂಗಳಿಗೆ ನನ್ನ ಭುಜ ಹೋತು. ದೀಪಾವಳಿ ಬೋನಸ್ಸಿನಾಗ ಮನ್ಯಾಗ ಇಡೋ ಕರೆಂಟಿನ ಗಿರಣಿ ತಗೊಂಡ್ವಿ. ಬಂಗಾರ ತಗೊಂಡಾಗೂ ನಾನು ಅಷ್ಟು ಖುಷಿ ಪಟ್ಟಿಲ್ಲ. ಅದಾದ ಮುಂದಿನ ಪರೀಕ್ಷಾದಾಗ ಟಿಟಿಜಿ ಜರ್ ಅಂತ ಇಳೀತು.

ಈಕಿ ಒಬ್ಬಾಕಿಗೇ ಬ್ಯಾರೆ ಅಡಗಿ ಮಾಡೋದೋ ಇಡೀ ಮನಿನ ಗೋಧಿ ಬಿಡೋದೋ ಅಂತ ಜಗಳ ಆಗಿತ್ತು. ಮೊದಲ ಬ್ಯಾರೆ ಅಂತ ಮಾಡಿ ನೋಡಿದ್ವಿ, ಎರಡು ಪರಾತ, ಎರಡು ಸಾಣಿಗಿ, ಕೆಂಪು ಟೇಪ್ ಹಚ್ಚಿದ ಡಬ್ಬಿ, ಆದ್ರೂ ಮೂರು ವರ್ಷದಾಂವ ಖಾರಿ ಬಿಸ್ಕಿಟು ತಿನ್ಕೊಂತ ಮನಿ ತುಂಬ ಪುಡಿ ಉದುರಿಸಿ ಅದೇ ಕೈ ಅಕ್ಕನ ತಾಟಿಗೆ ಹಾಕಿದ್ರ ಟೇಪ್ ಏನ್ ಮಾಡ್ತೈತಿ. ಆಕಿನೂ ಒಂದಿನ "ಎಲ್ಲಾರ ಮುಂದ ನಾನೊಬ್ಬಾಕಿನ ಯಾಕ?" ಅಂತ ಕೇಳಿದ್ಲು. ಅವತ್ತ ಗೋಧಿ ಡಬ್ಬಿ ಮ್ಯಾಲಿನ ಮನಿಯವ್ರಿಗೆ ಕೊಟ್ಟುಬಿಟ್ಟೆ. ಹಳೇ ಲಟ್ಟಣಿಗಿ, ಮಣಿನೂ ಹೋದ್ವು, ಕಟ್ಟಿಗಿಯಾಗ ಹಿಟ್ಟು ಕುಂತಿರ್ತೈತಿ. ನಮ್ಮನಿಯವ್ರು ಚಪಾತಿ ಬೇಕನಿಸಿದ್ರ ಹೊರಗ ಖಾನಾವಳ್ಯಾಗ ತಿಂದು ಬರ್ತಾರ, ನಾನು ಏನೂ ಅನ್ನಂಗಿಲ್ಲ.

ಅಂಗಡಿ ಸಾಮಾನಿನದು ಮತ್ತೊಂದು ಪಾಠ. ಇಂಗಿನ ಡಬ್ಬಿ ಹಿಂದ ಓದಿ ನೋಡ್ರಿ, ಭಾಳ ಕಂಪನಿದ್ರಾಗ ಗೋಧಿ ಹಿಟ್ಟು ಇಲ್ಲಾ ಮೈದಾ ಇರ್ತೈತಿ, ದಿನಾ ಒಗ್ಗರಣಿಗೆ ಚಿಟಿಕಿ ಹಾಕ್ತಿದ್ದೆ ನಾನು. ಮಕ್ಕಳು ಎತ್ತರ ಆಗಲಿ ಅಂತ ಹಾಲಿಗೆ ಹಾಕೋ ಮಾಲ್ಟ್ ಪುಡಿ ಬಾರ್ಲಿದು. ಸೋಯಾ ಸಾಸ್‌ನಾಗ ಗೋಧಿ. 2023 ಸಿರಿಧಾನ್ಯ ವರ್ಷ ಅಂತ ಆದ ಮ್ಯಾಲೆ ನವಣಿ ಬಿಸ್ಕಿಟು ರಾಗಿ ಬಿಸ್ಕಿಟು ಎಲ್ಲಾ ಕಡೆ ಸಿಗಾಕತ್ತಾವು, ಪಾಕೀಟಿನ ಮುಂದ ತೆನಿ ಚಿತ್ರ, ಹಿಂದ ನೋಡಿದ್ರ ಪಟ್ಟಿಯಾಗ ಮೊದಲನೇ ಹೆಸರೇ ಗೋಧಿ ಹಿಟ್ಟು. ಯಾವುದು ಹೆಚ್ಚ ಐತಿ ಅದನ್ನ ಮೊದಲ ಬರೀಬೇಕು ಅನ್ನೋದು ನಿಯಮ, ಹಂಗಾದ್ರ ಅದು ಯಾತರ ಬಿಸ್ಕಿಟು ಅಂತ ನೀವ ಹೇಳ್ರಿ. ಇನ್ನ ಕಪ್ಲಿ ಗೋಧಿ. "ಅದು ಹಳೇ ಕಾಲದ್ದು, ಸಕ್ಕರಿ ಕಾಯಿಲೆಯವ್ರೂ ತಿಂತಾರ, ಏನೂ ಆಗಂಗಿಲ್ಲ" ಅಂತ ವಾರಕ್ಕೊಬ್ರು ಹೇಳ್ತಾರ. ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯದವ್ರೂ ಡಿಡಿಕೆ ಅನ್ನೋ ಹೆಸರಿನಾಗ ಅದರ ತಳಿ ತಗದಾರ, ಒಳ್ಳೆ ಗೋಧಿನ, ಹುಗ್ಗಿ ರುಚಿನೂ ಬ್ಯಾರೇನ, ಆದ್ರ ಗೋಧಿ ಗೋಧಿನ, ಗ್ಲುಟೆನ್ ಐತಿ. ಸೀಲಿಯಾಕ್ ಇದ್ದವ್ರಿಗೆ ಅದನ್ನ ಕೊಡಬ್ಯಾಡ್ರಿ. ಉಲ್ಟಾನೂ ಹೇಳ್ತೀನಿ, ರೋಗ ಇಲ್ಲದವ್ರು ತೂಕ ಇಳೀತೈತಿ ಅಂತ ಗೋಧಿ ಬಿಡೋದು ನನಗೇನೂ ಸರಿ ಅನಿಸಂಗಿಲ್ಲ, ಬಿಟ್ಟು ನೋಡಿದವ್ರಿಗೆ ಅದರ ಖರ್ಚು ಗೊತ್ತು.

ಹಬ್ಬ ಬಂದ್ರ ಎದಿ ಡವಡವ. ಪಂಚಮಿ ಸಲೀಸು, ಶೇಂಗಾ ಉಂಡಿ ಎಳ್ಳುಂಡಿ ಮಾಡಿ ರವೆ ಉಂಡಿ ಬಿಟ್ರ ಆತು. ಯುಗಾದಿಗೆ ಅಕ್ಕಿ ಹಿಟ್ಟಿನ ಕಣಕ ಮಾಡಿ ಹೋಳಿಗಿ ಲಟ್ಟಿಸಾಕ ಹೋದೆ, ಹೂರಣ ಒಂದು ಕಡೆ ಕಣಕ ಒಂದು ಕಡೆ, ಕಡೀಕ ಅದನ್ನೇ ಮುದ್ದಿ ಮಾಡಿ ಕಡಬು ಮಾಡಿ ಹಬಿಯಾಗ ಬೇಯಿಸಿದೆ. ಈಗ ನಮ್ಮನ್ಯಾಗ ಯುಗಾದಿ ಅಂದ್ರ ಕಡಬು. ಗೋಧಿ ಹುಗ್ಗಿ ಬದಲಿ ನವಣಿ ಹುಗ್ಗಿ, ಬೆಲ್ಲ ಗಸಗಸಿ ಕೊಬ್ಬರಿ ಎಲ್ಲಾ ಅದೇ, ಅತ್ತಿ ಮೊದಲನೇ ಸಲ ಮುಖ ಸಿಂಡರಿಸಿ ಈಗ ತಾವೇ ಕೇಳಿ ಹಾಕಿಸ್ಕೊತಾರ.

ಕಷ್ಟ ಆಗೋದು ಪ್ರೀತಿ ಮಾಡೋ ಮಂದಿ ಕಡೆಯಿಂದನ. ಗದಗಿನಾಗ ಒಂದು ಮದಿವಿಗೆ ಹೋದಾಗ ಆಕಿ ಡಬ್ಬಿ ನಾನೇ ಕಟ್ಕೊಂಡು ಹೋಗಿದ್ದೆ, ಪಂಕ್ತ್ಯಾಗ ಕೂಸು ಡಬ್ಬಿ ತಗದು ಉಣ್ಣೋದು ನೋಡಿ ಹಿರ್ಯಾರೊಬ್ರಿಗೆ ತಡೀಲಿಲ್ಲ, ನಾನು ಕೈ ತೊಳದು ಬರೋದ್ರಾಗ ಪಾಪ ಅಂತ ಒಂದು ತುತ್ತು ಗೋಧಿ ರವೆ ಸಜ್ಜಕ ಬಾಯಾಗ ಇಟ್ಟುಬಿಟ್ಟಿದ್ರು. ಬೈಯಾಕ ಬರ್ತೈತಾ? ಅವತ್ತು ರಾತ್ರಿ ಎರಡು ಸಲ ವಾಂತಿ, ಮರುದಿನ ಹೊಟ್ಟಿ ಹಿಡ್ಕೊಂಡು ಮಲಗಿದ್ಲು. "ಒಂದ ತುತ್ತಿಗೆ ಏನಾಗ್ತೈತಿ" ಅನ್ನೋ ಮಾತು ಕೇಳಿ ಕೇಳಿ ಈಗ ನಾನು ಮೊದಲೇ, ಈಕಿಗೆ ಗೋಧಿ ಅಂದ್ರ ವಿಷ ಇದ್ದಂಗ್ರಿ ಅಂತ ಜೋರಾಗಿ ಹೇಳಿಬಿಡ್ತೀನಿ. ಅಲರ್ಜಿ ಅಂದ್ರ ತುರಿಕಿ ಅಂದ್ಕೊತಾರ, ಗ್ಲುಟೆನ್ ಅಂದ್ರ ನನಗ ಸೊಕ್ಕು ಅಂದ್ಕೊತಾರ.

ಅತ್ತಿಯವ್ರಿಗೆ ನಾನು ಓದಿದ ಒಂದು ಸಂಗತಿ ಹೇಳಿದ್ದೆ. ನೆದರ್‌ಲ್ಯಾಂಡ್ಸ್‌ನಾಗ ಡಿಕ್ಕೆ ಅಂತ ಮಕ್ಕಳ ಡಾಕ್ಟ್ರು ಇದ್ರು. 1944-45ರ ಚಳಿಗಾಲದಾಗ ಯುದ್ಧದ ಸಲುವಾಗಿ ಅಲ್ಲಿ ಬರ ಬಿತ್ತು, ಬ್ರೆಡ್ ಸಿಗಲಿಲ್ಲ. ಊರೆಲ್ಲಾ ಸೊರಗಾಕತ್ತಿದ್ರ ಈ ರೋಗದ ಮಕ್ಕಳು ಮಾತ್ರ ಸುಧಾರಸಾಕತ್ತಿದ್ರು, ಬ್ರೆಡ್ ತಿರುಗಿ ಬಂದ ಕೂಡಲೇ ಮತ್ತ ಬಿದ್ರು. ಗೋಧಿ ಮ್ಯಾಲೆ ಆ ಡಾಕ್ಟ್ರಿಗೆ ಮೊದಲಿಂದ ಇದ್ದ ಸಂಶಯ ಆಗ ಗಟ್ಟಿ ಆತು. ಅತ್ತಿ ಸುಮ್ಮನ ಕೇಳಿ, "ಬರ ಯಾರಿಗರೆ ಒಳ್ಳೇದು ಮಾಡೇತಿ ಅಂದ್ರ ಇದನ್ನ ಮೊದಲ ಕೇಳೀನಿ ನೋಡು" ಅಂದ್ರು.

ಆಕಿ ಈಗ ಎಂಟು ವರ್ಷದಾಕಿ. ಹಿಮೋಗ್ಲೋಬಿನ್ ಹನ್ನೆರಡರ ಹತ್ರ, ಹೋದ ವರ್ಷದ ಯೂನಿಫಾರ್ಮ್ ಗಿಡ್ಡ ಆಗೇತಿ. ಟಿಫಿನ್ನಿಗೆ ಪಡ್ಡು, ಇಡ್ಲಿ, ಅವಲಕ್ಕಿ, ಜ್ವಾಳದ ನುಚ್ಚು, ತಾಲಿಪಟ್ಟು. ಬಾಜೂ ಹುಡುಗಿ ಕೇಕ್ ಕೊಟ್ರ "ಬ್ಯಾಡ, ನನ್ನ ಹೊಟ್ಟಿಗೆ ಆಗಂಗಿಲ್ಲ" ಅಂತಾಳಂತ, ಟೀಚರ್ ಹೇಳಿದ್ರು. ಬೀದ್ಯಾಗಿನ ಮಿರ್ಚಿ ಬಜಿ ಮಾತ್ರ ಇನ್ನೂ ನೆನಸ್ತಾಳ, ಕಡ್ಲಿ ಹಿಟ್ಟಿಂದು ಆದ್ರೂ ಅದೇ ಎಣ್ಣ್ಯಾಗ ಸಮೋಸಾ ಕರೀತಾರಲ್ಲ.

ಇನ್ನ ಸಣ್ಣಾಂವನ ಫಜೀತಿ. ಒಡಹುಟ್ಟಿದವ್ರಿಗೂ ಇದು ಬರೋ ಸಾಧ್ಯತೆ ಉಳದವ್ರಕಿಂತ ಹೆಚ್ಚ, ಅದಕ್ಕ ಅವಂದೂ ಪರೀಕ್ಷಾ ಮಾಡಿಸಿದ್ವಿ, ಈಗ ಇಲ್ಲ ಅಂತ ಬಂದೈತಿ, ಮುಂದ ಮತ್ತ ನೋಡ್ಬೇಕು ಅಂದಾರ. ಮತ್ತ ನೋಡ್ಬೇಕಂದ್ರ ಅಂವ ಗೋಧಿ ತಿಂತಾ ಇರ್ಬೇಕು. ಮನ್ಯಾಗ ಗೋಧಿ ಇಲ್ಲ. ಅದಕ್ಕ ದಿನಾ ಸಂಜಿಕೆ ಮ್ಯಾಲಿನ ಮನಿಗೆ ಹೋಗ್ತಾನ, ನಾನು ಕೊಟ್ಟ ಅದೇ ಡಬ್ಬಿ ಗೋಧಿದು ಮೊದಲ ಮುಗೀತು, ಈಗ ಅವ್ರ ಗೋಧಿದ ಎರಡು ಚಪಾತಿ ಬೆಲ್ಲ ತುಪ್ಪ ಹಚ್ಕೊಂಡು ತಿಂದು ಬರ್ತಾನ. ಬಾಗಿಲದಾಗ ಅಕ್ಕ ನಿಂತಿರ್ತಾಳ, ಕೈ ತೋರಿಸು, ಬಾಯಿ ತೊಳದಿ? ಅಂಗಿ ಕಳಿ. ಅಂವ ಅಲ್ಲೇ ಮೆಟ್ಟಲ ಮ್ಯಾಲೆ ಅಂಗಿ ಕಳದು ಚೊಣ್ಣದ ಮ್ಯಾಲೆ ಒಳಗ ಓಡ್ತಾನ.