ಗಾಡಿ ಯಾವ್ದು ಮೇಡಂ?

ಭಾನುವಾರ ಮಾವನವರ ಮಾಡೆಲ್ ವಿಮಾನ ಹುರುಳಿ ಹೊಲಕ್ಕೆ ಮೂಗು ಊರಿ ಬಿತ್ತು. ರಿಮೋಟ್ ಹಿಡಿದು ಹಾರಿಸುತ್ತಿದ್ದವರು ನಮ್ಮ ಯಜಮಾನರು. ಅದರ ಬಗ್ಗೆ ಆಗಬೇಕಾದ ಮಾತೆಲ್ಲ ಮನೆಯಲ್ಲಿ ಆಗಿದೆ, ಇಲ್ಲಿ ಬೇಡ. ರೆಕ್ಕೆ ಉಳಿಯಿತು, ಪ್ರೊಪೆಲ್ಲರ್ ಹೋಯಿತು, 30 ಸಿಸಿ ಪೆಟ್ರೋಲ್ ಇಂಜಿನ್ನಿನ ನೆತ್ತಿಯ ಮೇಲಿದ್ದ ಸ್ಪಾರ್ಕ್ ಪ್ಲಗ್ ಒಡೆಯಿತು. ಮೇಲಿನ ಲೋಹದ ಟೋಪಿ ಎಳೆದರೆ ಬಿಳಿ ಪಿಂಗಾಣಿ ಚೂರುಗಳೂ ಜೊತೆಗೇ ಬಂದವು. ನಂಬರ್ ಬರೆದಿರುವುದು ಆ ಪಿಂಗಾಣಿಯ ಮೇಲೆಯೇ. ವರ್ಷಗಟ್ಟಲೆ ಟೋಪಿಯೊಳಗೆ ಉಜ್ಜಿ ಉಜ್ಜಿ ಅದೂ ಅಳಿಸಿಹೋಗಿ, ಯಾವುದೋ ಅಕ್ಷರದ ಬಾಲ ಮಾತ್ರ ಕಾಣುತ್ತಿತ್ತು. ಇಂಜಿನ್ನೋ, ಯಾರೋ ಸ್ನೇಹಿತರಿಂದ ಬಂದ ಸೆಕೆಂಡ್ ಹ್ಯಾಂಡ್ ಮಾಲು. ಹೆಸರಿಲ್ಲ, ಪುಸ್ತಕವಿಲ್ಲ.

ಮಾವನವರಿಗೆ ಕಣ್ಣಿನ ಪೊರೆ ತೆಗೆಸಿ ಇನ್ನೂ ತಿಂಗಳಾಗಿಲ್ಲ. ಸೂಕ್ಷ್ಮದ್ದೇನನ್ನೂ ನೋಡಬೇಡಿ ಅಂದಿದ್ದಾರೆ. "ಟ್ರೇನಿಂಗಿಗೆ ಹೇಗೂ ಬೆಂಗಳೂರಿಗೆ ಹೋಗ್ತೀಯಲ್ಲಮ್ಮ, ಜೆ.ಸಿ. ರೋಡಲ್ಲಿ ಇದರ ಜೊತೆದೊಂದು ತಗೊಂಡು ಬಾ. ಒಂದು ಪ್ಲಗ್ಗು, ಏನ್ಮಹಾ" ಅಂದರು.

ಜೆ.ಸಿ. ರೋಡಿನ ಆ ಅಂಗಡಿಯಲ್ಲಿ ಛಾವಣಿಯವರೆಗೂ ಡಬ್ಬಿ. ಕಾಗದದಲ್ಲಿ ಸುತ್ತಿಕೊಂಡು ಹೋಗಿದ್ದ ಪ್ಲಗ್ಗನ್ನು ಕೌಂಟರಿನ ಗಾಜಿನ ಮೇಲೆ ಇಟ್ಟೆ. ಹುಡುಗ ಅದರ ಕಡೆ ನೋಡಲೂ ಇಲ್ಲ, ನನ್ನ ಕಡೆ ನೋಡಿದ.

"ಗಾಡಿ ಯಾವ್ದು ಮೇಡಂ?"

"ಗಾಡಿ ಅಲ್ಲಪ್ಪ. ಆಡಿಸೋ ವಿಮಾನ. ಅದರ ಇಂಜಿನ್ನಿಂದು."

"ಹೌದು ಮೇಡಂ, ಗಾಡಿ ಯಾವ್ದು?"

ಪಕ್ಕದಲ್ಲಿ ಕ್ಲಚ್ ಕೇಬಲ್ಲಿಗೆ ಕಾಯುತ್ತಿದ್ದ ಮಹನೀಯರೊಬ್ಬರು ಕನಿಕರಪಟ್ಟು ನನ್ನ ಪರವಾಗಿ ಉತ್ತರ ಕೊಟ್ಟರು: "ಆಕ್ಟಿವಾ ಇರ್ಬೇಕು ಕಣೋ, ನೋಡು." ಹೆಂಗಸು ಅಂದಮೇಲೆ ಆಕ್ಟಿವಾ. ಕೇಳದೆ ಸಹಾಯ ಮಾಡುವ ಗಂಡಸರ ಬಗ್ಗೆ ನನ್ನ ಅಭಿಪ್ರಾಯ ಮೊದಲೇ ಅಷ್ಟಕ್ಕಷ್ಟೆ, ಅದು ಬದಲಾಗುವ ಹಾಗೆ ಇವರೂ ಏನೂ ಮಾಡಲಿಲ್ಲ. ಹುಡುಗ ಒಂದು ಡಬ್ಬಿ ಇಳಿಸಿ, "ಇದು ಹಾಕ್ಕೊಳ್ಳಿ ಮೇಡಂ, ಎಲ್ಲಾದಕ್ಕೂ ಆಗುತ್ತೆ" ಅಂದ. ಗಲ್ಲಾದಲ್ಲಿದ್ದ ಮಾಲೀಕರು ನೋಟು ಎಣಿಸುತ್ತಲೇ ಒಂದು ಮಾತು ಸೇರಿಸಿದರು: "ಗಾಡಿ ಹೆಸರಿಲ್ಲದೆ ಪ್ಲಗ್ ಕೊಡಕ್ಕಾಗಲ್ಲಮ್ಮ." ಒಬ್ಬ ಎಲ್ಲದಕ್ಕೂ ಆಗುತ್ತೆ ಅನ್ನುತ್ತಾನೆ, ಇನ್ನೊಬ್ಬರು ಕೊಡಕ್ಕೇ ಆಗಲ್ಲ ಅನ್ನುತ್ತಾರೆ. ಒಂದೇ ಅಂಗಡಿ!

ಬೆಂಗಳೂರಿಗೆ ಪ್ಲಗ್ ಹೊಸದೇನಲ್ಲ. 1951ರಲ್ಲಿ ಶುರುವಾದ ಮೈಕೋ ಕಂಪನಿ ಆಡುಗೋಡಿಯಲ್ಲಿ ಪ್ಲಗ್ ಮಾಡಿ ಇಡೀ ದೇಶಕ್ಕೆ ಕೊಟ್ಟಿತು. ನಮ್ಮಪ್ಪ ಯಾವ ಕಂಪನಿಯ ಪ್ಲಗ್ ಹಾಕಿಸಿದರೂ ಮನೆಯಲ್ಲಿ ಹೇಳುತ್ತಿದ್ದದ್ದು ಮೈಕೋ ಪ್ಲಗ್ ಅಂತಲೇ. ಅಂಥ ಊರಿನಲ್ಲಿ ಒಂದು ಪ್ಲಗ್ ತನ್ನಷ್ಟಕ್ಕೆ ತಾನು ಏನೂ ಅಲ್ಲ ಅನ್ನುವುದು ನನಗೆ ಅವತ್ತೇ ತಿಳಿದದ್ದು.

ಅಷ್ಟರಲ್ಲಿ ಯಜಮಾನರು ಪ್ರಾಯಶ್ಚಿತ್ತಕ್ಕೆಂದು ಫೋನಿನಲ್ಲೇ ಒಂದು ಆರ್ಡರ್ ಮಾಡಿದ್ದರು. 'ಮಾಡೆಲ್ ಇಂಜಿನ್ ಪ್ಲಗ್' ಅಂತ ಹಾಕಿದ್ದರಂತೆ. ಬಂದದ್ದು ಗ್ಲೋ ಪ್ಲಗ್. ಮಾವನವರು ಅದನ್ನು ಬೆರಳಲ್ಲಿ ತಡವಿಯೇ ನಕ್ಕುಬಿಟ್ಟರು. ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗಿನಲ್ಲಿದ್ದಾಗ ಅವರು ಹಿಡಿದದ್ದೆಲ್ಲ ಆ ಜಾತಿಯ ಪುಟಾಣಿ ಇಂಜಿನ್ನುಗಳನ್ನೇ. ಅದರಲ್ಲಿ ಕಿಡಿಯೇ ಹಾರುವುದಿಲ್ಲ. ಒಳಗೆ ಪ್ಲಾಟಿನಂ ತಂತಿಯ ಸಣ್ಣ ಸುರುಳಿ. ಶುರುಮಾಡುವಾಗ ಒಂದೂವರೆ ವೋಲ್ಟಿನ ಬ್ಯಾಟರಿ ಮುಟ್ಟಿಸಿ ಕೆಂಪಗೆ ಮಾಡುತ್ತಾರೆ. ಇಂಜಿನ್ ಹಿಡಿದ ಮೇಲೆ ಬ್ಯಾಟರಿ ತೆಗೆದರೂ ಮೆಥನಾಲ್ ಆವಿ ಪ್ಲಾಟಿನಂಗೆ ತಗುಲಿ ತಂತಿ ಕೆಂಪಗೇ ಉಳಿಯುತ್ತದೆ. 1947ರಲ್ಲಿ ಅಮೆರಿಕದ ರೇ ಆರ್ಡೆನ್ ಎಂಬಾತ ಇದನ್ನು ಮಾರುಕಟ್ಟೆಗೆ ತಂದ ಮೇಲೆ ಸಣ್ಣ ವಿಮಾನಗಳು ಕಿಡಿ ಹುಟ್ಟಿಸುವ ಕಾಯಿಲ್ಲು, ಬ್ಯಾಟರಿ ಹೊರುವ ಕಷ್ಟದಿಂದ ಪಾರಾದವು. ಆದರೆ ನಮ್ಮದು ಪೆಟ್ರೋಲ್ ಕುಡಿಯುವ ಇಂಜಿನ್, ಇದಕ್ಕೆ ಕಿಡಿಯೇ ಬೇಕು. ಮೇಲಾಗಿ ಗ್ಲೋ ಪ್ಲಗ್ಗಿನ ಥ್ರೆಡ್ ಇರುವ ಕಾಲು ಬರೀ ಕಾಲಂಗುಲ ದಪ್ಪ. ನಮ್ಮ ತೂತಿನಲ್ಲಿ ಅದು ಗಂಟೆಯ ನಾಲಗೆಯ ಹಾಗೆ ಆಡುತ್ತಿತ್ತು.

ಚಿಂತಾಮಣಿಯಲ್ಲಿ ನಮ್ಮ ಬ್ಯಾಂಕಿನ ಹಿಂದಿನ ರಸ್ತೆಯಲ್ಲಿ ಕಳೆ ಹೊಡೆಯುವ ಮಿಷನ್ನು, ಟೊಮೆಟೊಗೆ ಔಷಧಿ ಹೊಡೆಯುವ ಮಿಷನ್ನು ರಿಪೇರಿ ಮಾಡುವ ಒಬ್ಬ ಹಿರಿಯರಿದ್ದಾರೆ. ಅಂಗಡಿಗೆ ಬೋರ್ಡಿಲ್ಲ. ನೆಲದಲ್ಲೆಲ್ಲ ಬಿಚ್ಚಿಟ್ಟ ಇಂಜಿನ್ನುಗಳು, ಕಾಲಿಡಲು ಜಾಗವಿಲ್ಲ. ಪ್ಲಗ್ ಕೊಟ್ಟೆ. ಅವರು ನನ್ನನ್ನು ಏನೂ ಕೇಳಲಿಲ್ಲ.

ಮೊದಲು ತುದಿ ನೋಡಿದರು. "ಕಾಫಿ ಬಣ್ಣ ಐತೆ. ಇಂಜಿನ್ ಚೆನ್ನಾಗೈತಮ್ಮ." ಕಪ್ಪು ಮಸಿ ಹಿಡಿದಿದ್ದರೆ ಎಣ್ಣೆ ಇಲ್ಲವೇ ಪೆಟ್ರೋಲ್ ಜಾಸ್ತಿ, ಬೆಳ್ಳಗಾಗಿದ್ದರೆ ಅತಿ ಬಿಸಿ. ಆಮೇಲೆ ಡಬ್ಬಿಯಿಂದ 10 ಎಂಎಂ ನಟ್ಟು ತೆಗೆದು ತಿರುಗಿಸಿದರು. ಅರ್ಧ ಸುತ್ತಿಗೆ ಕಚ್ಚಿಕೊಂಡಿತು. ತಲೆಯಾಡಿಸಿ ಅದನ್ನು ಬಿಸಾಡಿ, ಕಳೆ ಮಿಷನ್ನಿನ ಹಳೆ ಸಿಲಿಂಡರೊಂದನ್ನು ಎಳೆದುಕೊಂಡು ಅದರ ತೂತಿಗೆ ಇಟ್ಟರು. ಪಾನಾ ಬೇಕಾಗಲಿಲ್ಲ, ಎರಡೇ ಬೆರಳಲ್ಲಿ ಸರಸರ ಇಳಿಯಿತು. ಮಾಮೂಲಿ 10 ಎಂಎಂ ನಟ್ಟಿನ ಥ್ರೆಡ್ಡುಗಳ ನಡುವೆ ಒಂದೂವರೆ ಎಂಎಂ ಅಂತರ, ಪ್ಲಗ್ಗಿನದಕ್ಕೆ ಒಂದೇ ಎಂಎಂ. ಅದನ್ನು ಅವರು ಬಾಯಲ್ಲಿ ಹೇಳಲಿಲ್ಲ, ನಟ್ಟಿನಿಂದಲೇ ಹೇಳಿಸಿದರು.

"ಹಾಗಾದ್ರೆ ಕಳೆ ಮಿಷನ್ ಪ್ಲಗ್ಗೇ ಆಗುತ್ತಲ್ಲ?" ಅಂದೆ. ಅವರು ಹೊಸದೊಂದನ್ನು ತೆಗೆದು ನಮ್ಮದರ ಪಕ್ಕ ನಿಲ್ಲಿಸಿದರು. ದಪ್ಪ ಒಂದೇ, ಆದರೆ ಅವರದರ ಥ್ರೆಡ್ ಇರುವ ಕಾಲು ಅರ್ಧ ಅಂಗುಲ, ನಮ್ಮದು ಅದಕ್ಕಿಂತ ಗಿಡ್ಡ. "ಕೂರೋದು ಕೂರ್ತದೆ. ಒಳಗೆ ಉದ್ದ ಬಂದು ಪಿಸ್ಟನ್ ತಲೆಗೆ ಹೊಡೆದ್ರೆ ನಿಮ್ಮ ಇಂಜಿನ್ನೇ ಹೋಯ್ತು. ನನ್ನತ್ರ ಇಲ್ಲಮ್ಮ ಇದು." ಎದುರಿಗೆ ಗಿರಾಕಿ, ಕೈಯಲ್ಲಿ ಪ್ಲಗ್, ಕೂರುವ ಪ್ಲಗ್. ಆದರೂ ಮಾರಲಿಲ್ಲ. ಅಳತೆಯನ್ನು ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಟ್ಟರು. ದುಡ್ಡು ಕೊಡಹೋದರೆ ಬೇಡವೆಂದರು.

ಆಮೇಲೆ ಕೈ ಒರೆಸಿಕೊಳ್ಳುತ್ತಾ ಕೇಳಿದರು: "ನೀವು ಈ ಕಡೆಯವರಲ್ಲ ಅಲ್ವಾಮ್ಮ? ಯಾರ ಪೈಕಿ?"

ಪ್ಲಗ್ಗನ್ನು ಅದರ ಅಳತೆಯಿಂದಲೇ ಗುರುತಿಸಿದ ಮನುಷ್ಯನಿಗೂ ನನ್ನನ್ನು ಗುರುತಿಸಲು 'ಗಾಡಿ' ಬೇಕಾಯಿತು. ನಗು ಬಂತು, ಹೇಳಿದೆ. ಮಾವನವರ ಹೆಸರು ಕೇಳಿ, "ಓ, ಕೆಇಬಿ ಅವ್ರ ಸೊಸೆನಾ!" ಅಂತ ಕುರ್ಚಿ ಒರೆಸಿದರು.

ಅಂದಿನಿಂದ ಜೆ.ಸಿ. ರೋಡಿನ ಹುಡುಗನ ಮೇಲಿದ್ದ ಸಿಟ್ಟು ಸ್ವಲ್ಪ ಕಡಿಮೆಯಾಗಿದೆ. ಅವನ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ದಪ್ಪ, ಉದ್ದ, ಥ್ರೆಡ್ ಸಾಲದು, ಎಷ್ಟು ಬಿಸಿ ತಡೆಯುವ ಪ್ಲಗ್ ಅನ್ನುವುದೂ ಬೇಕು. ಅಲ್ಲಿ ಕಂಪನಿಗೊಂದು ಲೆಕ್ಕ. ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ ತಂಪು, ಅಂದರೆ ತನ್ನ ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ; ಬಾಷ್‌ನಲ್ಲಿ ದೊಡ್ಡದಾದಷ್ಟೂ ಬಿಸಿ. ಗಿರಾಕಿಗಳು ಇದನ್ನೆಲ್ಲ ತಲೆಯಲ್ಲಿ ಹೊತ್ತು ಓಡಾಡಲು ಸಾಧ್ಯವೇ? ಗಾಡಿಯ ಹೆಸರು ಹೇಳಿದರೆ, ಅದನ್ನು ಕಟ್ಟಿದ ಇಂಜಿನಿಯರುಗಳು ಎಂದೋ ಮಾಡಿಟ್ಟ ಲೆಕ್ಕವೆಲ್ಲ ಪುಕ್ಕಟೆ ಸಿಗುತ್ತದೆ. ತೊಂದರೆ ಬರುವುದು ಗಾಡಿಯೇ ಇಲ್ಲದವರಿಗೆ.

ಅದನ್ನು ನಾನು ಬಲ್ಲೆ. ನಾನೂ ಕೌಂಟರಿನ ಒಳಗೆ ಕೂರುವವಳು. ನಮ್ಮ ಕಂಪ್ಯೂಟರಿನಲ್ಲಿ 'ತಂದೆ/ಗಂಡನ ಹೆಸರು' ಅನ್ನುವ ಜಾಗ ತುಂಬದೆ ಕರ್ಸರ್ ಮುಂದಕ್ಕೆ ಹೋಗುವುದಿಲ್ಲ. ಇದೇ ವಾರ ಒಬ್ಬ ಹುಡುಗಿ ಬಂದಿದ್ದಳು. ಅನಾಥಾಶ್ರಮದಲ್ಲಿ ಬೆಳೆದವಳು, ಗಾರ್ಮೆಂಟ್ಸಿನಲ್ಲಿ ಕೆಲಸ ಸಿಕ್ಕಿದೆ, ಸಂಬಳಕ್ಕೆ ಖಾತೆ ಬೇಕು. ಅವಳ ಹತ್ತಿರ ಫೋಟೋ ಇದೆ, ಆಧಾರ್ ಇದೆ, ಕೆಲಸದ ಪತ್ರ ಇದೆ, ಬೆರಳಚ್ಚು ಇದೆ. ಆ ಜಾಗಕ್ಕೆ ಹಾಕಲು ಹೆಸರಿಲ್ಲ. ಪಕ್ಕದ ಸೀಟಿನ ಸಹೋದ್ಯೋಗಿ ಮೆಲ್ಲಗೆ, "ಏನಾದ್ರೂ ಒಂದು ಹಾಕಿ ಮೇಡಂ, ಎಲ್ಲಾದಕ್ಕೂ ಆಗುತ್ತೆ" ಅಂದರು. ಅದೇ ಮಾತು, ಅದೇ ಧಾಟಿ. ಅವರು ಒಳ್ಳೆಯವರೇ, ಹುಡುಗಿಗೆ ಬಸ್ಸು ತಪ್ಪಬಾರದು ಅಂತ ಅಂದದ್ದು. ಪ್ಯಾನ್ ಕಾರ್ಡಿನ ಅರ್ಜಿಯಲ್ಲಿ 2018ರ ಡಿಸೆಂಬರಿನಿಂದಲೇ ಒಂಟಿ ತಾಯಿಯ ಮಕ್ಕಳಿಗೆ ತಂದೆಯ ಹೆಸರು ಕಡ್ಡಾಯವಲ್ಲ. ಇವಳಿಗೆ ಹೇಳಲು ತಾಯಿಯ ಹೆಸರೂ ಇಲ್ಲ.

ಪ್ಲಗ್ಗಿನ ಕಥೆ ಸುಲಭದಲ್ಲಿ ಮುಗಿಯಿತು. ಸಿಗರೇಟ್ ಪ್ಯಾಕಿನ ಅಳತೆಯನ್ನು ಮಾಡೆಲ್ ವಿಮಾನದ ಸಾಮಾನು ಮಾರುವವರಿಗೆ ಫೋನಿನಲ್ಲಿ ಓದಿದೆ. ಗಾಡಿ ಯಾವುದು ಅಂತ ಕೇಳದೆ, ಎಷ್ಟು ಸಿಸಿ ಅಂತಷ್ಟೇ ಕೇಳಿ, "ಎನ್‌ಜಿಕೆ ಸಿಎಂ-6" ಅಂದರು. ಕಳೆ ಮಿಷನ್ ಪ್ಲಗ್ಗುಗಳ ಹೆಸರಿನಲ್ಲಿ ನಡುವೆ ಬರುವ 'ಆರ್' ಇದರಲ್ಲಿಲ್ಲ, ಅಂದರೆ ಒಳಗೆ ರೆಸಿಸ್ಟರ್ ಇಲ್ಲ. ಕಿಡಿಯ ಗಲಾಟೆ ರೇಡಿಯೋ ರಿಸೀವರಿಗೆ ತಲುಪದ ಹಾಗೆ ತಡೆಯುವ ಕೆಲಸ ವೈರಿನ ಮೇಲಿನ ಲೋಹದ ಹೆಣಿಗೆಯದ್ದು, ಆ ಲೋಹದ ಟೋಪಿಯದ್ದು. ಕೊರಿಯರಿನಲ್ಲಿ ಬಂತು, ಟೋಪಿ ಟಕ್ ಅಂತ ಕೂತಿತು, ಹೊಸ ಪ್ರೊಪೆಲ್ಲರ್ ಹಾಕಿ ತಿರುಗಿಸಿದರೆ ಇಂಜಿನ್ ಹಿಡಿಯಿತು. ಮಾವನವರು ಕಪ್ಪು ಕನ್ನಡಕದಲ್ಲೇ ಅಂಗಳದಲ್ಲಿ ಕೂತು ಅದರ ಸದ್ದು ಕೇಳಿದರು.

ಹುಡುಗಿಯ ಅರ್ಜಿ ಇನ್ನೂ ನನ್ನ ಡ್ರಾಯರಿನಲ್ಲಿದೆ. ಮ್ಯಾನೇಜರ್ ವಲಯ ಕಚೇರಿಗೆ ಬರೆದಿದ್ದಾರೆ. ಅಲ್ಲಿಂದ ನಿನ್ನೆ ಬಂದ ಮೇಲ್‌ನಲ್ಲಿ ಕೇಳಿರುವುದು ಆಶ್ರಮದ ನೋಂದಣಿ ಸಂಖ್ಯೆ.